ಕಂಡದ್ದು ಬೇರೆ, ಊಹಿಸಿದ್ದು ಬೇರೆ: ಮೊಬೈಲ್ ತನಿಖೆಯ ತಿಳಿವಳಿಕೆ ಹಂಚಿಕೊಳ್ಳುವ ಬಗ್ಗೆ

ಎಲ್ಲರಿಗೂ ನಮಸ್ಕಾರ.

2024ರ ನವೆಂಬರಿನಲ್ಲಿ ಅಮೆರಿಕದ ಡೆಟ್ರಾಯಿಟ್ ಕಡೆಯ ಪೊಲೀಸರದ್ದು ಎನ್ನಲಾದ ಒಂದು ಪತ್ರ ಸುದ್ದಿಯಾಯಿತು. ಜಪ್ತಿ ಮಾಡಿ ಲ್ಯಾಬಿನಲ್ಲಿಟ್ಟ ಐಫೋನುಗಳು ತಾವಾಗಿಯೇ ರೀಸ್ಟಾರ್ಟ್ ಆಗುತ್ತಿವೆ, ಹುಷಾರು ಅಂತ ಅದರಲ್ಲಿತ್ತು.

ರೀಸ್ಟಾರ್ಟ್ ಆದರೆ ಏನು ಮಹಾ ಅನ್ನಿಸಬಹುದು. ಜಪ್ತಿಯಾದ ಫೋನಿನಿಂದ ಸಾಕ್ಷ್ಯ ತೆಗೆಯುವ ನಮ್ಮ ಕೆಲಸದಲ್ಲಿ ಅದು ದೊಡ್ಡ ನಷ್ಟ. ಒಮ್ಮೆ ಪಾಸ್‌ಕೋಡ್ ಹಾಕಿ ತೆರೆದ ಫೋನು, ಆಮೇಲೆ ಸ್ಕ್ರೀನ್ ಲಾಕ್ ಆಗಿದ್ದರೂ, ಡೇಟಾ ಬಿಚ್ಚುವ ಕೀಗಳಲ್ಲಿ ಹೆಚ್ಚಿನವನ್ನು ಮೆಮೊರಿಯಲ್ಲೇ ಇಟ್ಟುಕೊಂಡಿರುತ್ತದೆ. ಇದಕ್ಕೆ ಎಎಫ್‌ಯು ಸ್ಥಿತಿ, ಅಂದರೆ 'ಮೊದಲ ಅನ್‌ಲಾಕ್ ಆದ ಮೇಲೆ', ಅಂತೀವಿ. ರೀಸ್ಟಾರ್ಟ್ ಆದರೆ ಆ ಕೀಗಳು ಹೋದವು, ಫೋನು ಬಿಎಫ್‌ಯು, ಅಂದರೆ 'ಮೊದಲ ಅನ್‌ಲಾಕ್‌ಗೆ ಮುಂಚಿನ' ಸ್ಥಿತಿಗೆ ಹೋಯಿತು. ಪಾಸ್‌ಕೋಡ್ ಇಲ್ಲದೆ ಆಮೇಲೆ ಸಿಗುವುದು ತೀರಾ ಕಡಿಮೆ.

ಪತ್ರ ಬರೆದವರು ದೊಡ್ಡ ಉಪಕಾರವನ್ನೇ ಮಾಡಿದರು. ಕಂಡದ್ದನ್ನು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. ಆದರೆ ಕಾರಣವನ್ನೂ ಊಹಿಸಿದರು: ಐಫೋನಿನ ಸಾಫ್ಟ್‌ವೇರ್ ಆದ ಐಒಎಸ್‌ನ 18ನೇ ವರ್ಷನ್ ಇರುವ ಫೋನು ಪಕ್ಕದ ಫೋನುಗಳಿಗೆ ಸಿಗ್ನಲ್ ಕಳಿಸಿ ರೀಸ್ಟಾರ್ಟ್ ಮಾಡಿಸುತ್ತಿರಬಹುದು, ಅವನ್ನು ಬೇರೆ ಬೇರೆ ಇಡಿ ಅಂತ. ಸ್ವಲ್ಪ ದಿನದಲ್ಲೇ ಸಂಶೋಧಕಿ ಯಿಸ್ಕಾ ಕ್ಲಾಸೆನ್ ಐಒಎಸ್‌ನ ಕೋಡ್ ಬಿಡಿಸಿ ನೋಡಿದರು. 18.1ರಲ್ಲಿ ಇದ್ದದ್ದು ಒಂದು ಟೈಮರ್. 3 ದಿನ ಯಾರೂ ಅನ್‌ಲಾಕ್ ಮಾಡದಿದ್ದರೆ ಫೋನು ತಾನೇ ರೀಸ್ಟಾರ್ಟ್ ಆಗುತ್ತದೆ, ಅಷ್ಟೇ. ಅಂದರೆ ಫೋನುಗಳನ್ನು ದೂರ ಇಟ್ಟು ನೆಮ್ಮದಿಯಾಗಿ ಕೂತವರು ಡೇಟಾ ಕಳೆದುಕೊಳ್ಳುತ್ತಲೇ ಇದ್ದರು. ಬೇಕಾಗಿದ್ದದ್ದು ದೂರವಲ್ಲ, ಬೇಗ ಕೆಲಸ ಶುರು ಮಾಡುವುದು. 2025ರ ಏಪ್ರಿಲ್‌ನಲ್ಲಿ ಗೂಗಲ್ ಕೂಡ ಪ್ಲೇ ಸರ್ವಿಸಸ್ ಮೂಲಕ ಆಂಡ್ರಾಯ್ಡ್‌ಗೆ ಇಂಥದ್ದೇ 3 ದಿನದ ಏರ್ಪಾಡು ತಂದಿತು.

ಅದಕ್ಕೇ ನಾನು ಹೇಳುವುದು: ಹಂಚಿಕೊಳ್ಳುವ ಪ್ರತಿ ಟಿಪ್ಪಣಿಯಲ್ಲೂ ಕಂಡದ್ದಕ್ಕೆ ಒಂದು ಜಾಗ, ಊಹೆಗೆ ಇನ್ನೊಂದು ಜಾಗ ಇರಲಿ. ಗ್ರೂಪಿನಲ್ಲಿ ಫಾರ್ವರ್ಡ್ ಆಗುವ ಮಾತಿನಲ್ಲಿ ಇವೆರಡೂ ಕಲೆತುಹೋಗುತ್ತವೆ. ಮೂರನೆಯವರ ಕೈಗೆ ಬರುವಾಗ ಊಹೆಯೇ ನಿಯಮ ಆಗಿರುತ್ತದೆ.

ಯಾವ ವರ್ಷನ್, ಸಮಯ ಯಾವ ಲೆಕ್ಕದಲ್ಲಿದೆ ಅನ್ನುವುದನ್ನೂ ಬರೆಯಲೇಬೇಕು. ಐಫೋನಿನ ಮೆಸೇಜ್ ಡೇಟಾಬೇಸ್ ಸಮಯವನ್ನು 2001ರ ಜನವರಿ 1ರಿಂದ ಎಣಿಸುತ್ತದೆ. ಬಹಳಷ್ಟು ಕಂಪ್ಯೂಟರುಗಳು ಬಳಸುವ ಯುನಿಕ್ಸ್ ಲೆಕ್ಕ ಶುರುವಾಗುವುದು 1970ರಿಂದ. ಮೊದಲನೆಯದನ್ನು ಎರಡನೆಯದು ಅಂತ ಓದಿದರೆ 2024ರ ಮೆಸೇಜ್ 1993ಕ್ಕೆ ಹೋಗಿ ಕೂರುತ್ತದೆ. ಅಂಥ ತಪ್ಪು ಕಣ್ಣಿಗೆ ಹೊಡೆಯುತ್ತದೆ, ಬಿಡಿ. ಐಒಎಸ್ 11ರಿಂದ ಅದೇ ಎಣಿಕೆ ಸೆಕೆಂಡಿನಿಂದ ನ್ಯಾನೊಸೆಕೆಂಡಿಗೆ ಬದಲಾಯಿತು, ಅದೂ ಗೊತ್ತಾಗುತ್ತದೆ. ಗೊತ್ತಾಗದೆ ಉಳಿಯುವುದು ಐದೂವರೆ ಗಂಟೆಯ ವ್ಯತ್ಯಾಸ. ನಮ್ಮಲ್ಲಿ 5ನೇ ತಾರೀಖು ಬೆಳಗಿನ ಜಾವ 2 ಗಂಟೆಗೆ ಕಳಿಸಿದ ಮೆಸೇಜ್, ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ 4ನೇ ತಾರೀಖು ರಾತ್ರಿ 8:30. ಆರೋಪಿ ಆ ರಾತ್ರಿ ಎಲ್ಲಿದ್ದ ಅನ್ನುವುದೇ ಕೇಸಿನ ಜೀವಾಳ ಆಗಿದ್ದರೆ? ಒಬ್ಬ ಮನುಷ್ಯನ ಸ್ವಾತಂತ್ರ್ಯ ಆ ಸಾಲಿನ ಮೇಲೆ ನಿಂತಿರುತ್ತದೆ, ಅಲ್ವಾ.

ಆಂಡ್ರಾಯ್ಡ್ ವಾಟ್ಸಾಪ್‌ನಲ್ಲಿ ಹಿಂದೆ 'ಮೆಸೇಜಸ್' ಎಂಬ ಟೇಬಲ್‌ನಲ್ಲಿದ್ದ ಚಾಟ್‌ಗಳು ಆಮೇಲೆ 'ಮೆಸೇಜ್' ಟೇಬಲ್‌ಗೆ ಬಂದವು. ಹಳೇ ಕ್ವೆರಿ (ಡೇಟಾಬೇಸ್‌ನಲ್ಲಿ ಹುಡುಕುವ ಆದೇಶ) ಇಟ್ಟುಕೊಂಡು ಹುಡುಕಿದವರು ಸುಮ್ನೆ 'ಚಾಟ್ ಇಲ್ಲ' ಅಂತ ವರದಿ ಬರೆದುಬಿಡುವ ಅಪಾಯ ಇದೆ.

ಒಳ್ಳೆಯ ಮಾದರಿಗಳಿವೆ. ಅಲೆಕ್ಸಿಸ್ ಬ್ರಿಗ್ನೋನಿ ಶುರು ಮಾಡಿದ, ಐಫೋನ್ ಮತ್ತು ಆಂಡ್ರಾಯ್ಡ್ ಡೇಟಾ ಓದುವ ಐಲೀಪ್, ಎಲೀಪ್ ಟೂಲ್‌ಗಳು ಉಚಿತ. ಕೋಡ್ ಎಲ್ಲರಿಗೂ ತೆರೆದಿದೆ. ಯಾವ ಫೈಲ್, ಅದನ್ನು ಹೇಗೆ ಓದಬೇಕು, ಬರೆದವರು ಯಾರು ಎಲ್ಲ ಕೋಡ್‌ನಲ್ಲೇ ಇರುತ್ತದೆ. ತಿಳಿವಳಿಕೆ ಹಂಚಿದ ಹಾಗೂ ಆಯಿತು, ಬೇರೆಯವರು ಓಡಿಸಿ ಪರೀಕ್ಷಿಸಿದ ಹಾಗೂ ಆಯಿತು. ಜೋಶ್ ಹಿಕ್‌ಮನ್ ಟೆಸ್ಟ್ ಫೋನುಗಳನ್ನು ಬಳಸಿ, ಯಾವಾಗ ಏನು ಮಾಡಿದೆ ಅಂತ ಬರೆದಿಟ್ಟು, ಅವುಗಳ ಇಮೇಜ್‌ಗಳನ್ನು, ಅಂದರೆ ಫೋನಿನ ಡೇಟಾದ ನಕಲುಗಳನ್ನು, ಎಲ್ಲರಿಗೂ ಕೊಟ್ಟಿದ್ದಾರೆ. ಉತ್ತರ ಮೊದಲೇ ಗೊತ್ತಿರುವ ಇಂಥ ಡೇಟಾದ ಮೇಲೇ ಟೂಲ್ ಪರೀಕ್ಷಿಸಬೇಕು. ಕೇಸಿನ ಡೇಟಾವನ್ನು ಉದಾಹರಣೆಗೆಂದು ಹಂಚುವುದು ಬೇಡವೇ ಬೇಡ. ಸಂತ್ರಸ್ತೆಯ ಫೋಟೋ ಯಾರ ಪಾಠಕ್ಕೂ ಸಾಮಗ್ರಿ ಅಲ್ಲ.

2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಕೊಡುವ ಅದರ 63ನೇ ಸೆಕ್ಷನ್ನಿನ ಪ್ರಮಾಣಪತ್ರದಲ್ಲಿ ಹ್ಯಾಶ್, ಅಂದರೆ ಡೇಟಾದಿಂದ ಲೆಕ್ಕ ಹಾಕಿದ ಬೆರಳಚ್ಚಿನಂಥ ಸಂಕೇತ, ಬರೆಯುತ್ತೀರಿ. ಡೇಟಾದ ನಕಲು ಬದಲಾಗಿಲ್ಲ ಅಂತ ಹ್ಯಾಶ್ ಹೇಳುತ್ತದೆ. ನೀವು ಅದನ್ನು ಸರಿಯಾಗಿ ಓದಿದ್ದೀರಿ ಅಂತ ಹೇಳುವುದಿಲ್ಲ. ಪಾಟೀಸವಾಲಿನಲ್ಲಿ ವಕೀಲರು ಕೇಳುವುದು ಅದನ್ನೇ. ಆಗ 'ಈ ಮಾಡೆಲ್, ಈ ವರ್ಷನ್, ಇಂಥ ದಿನ ಟೆಸ್ಟ್ ಮಾಡಿದ್ದೇವೆ, ಬೇರೆ ಲ್ಯಾಬಿನವರೂ ನೋಡಿದ್ದಾರೆ' ಅನ್ನಲು ಕೈಯಲ್ಲಿ ಟಿಪ್ಪಣಿ ಇರಬೇಕು.

ನಿಮ್ಮ ಘಟಕದಲ್ಲಿ ಒಂದು ಹಳೇ ಫೋನು ಇದ್ದರೆ ಅದನ್ನು ಟೆಸ್ಟ್ ಫೋನ್ ಮಾಡಿ, ಈ ವಾರವೇ ಶುರು ಮಾಡಿ. ಈಗ ನಿಮ್ಮ ಪ್ರಶ್ನೆಗಳನ್ನು ಕೇಳಿ.