ಮೂರು ಸರ ಕವಡೆಗೆ ಒಂದು ಪತ್ರಿಕೆ

ಕೇಳುಗರಿಗೆ ನಮಸ್ಕಾರ.

ಆಫ್ರಿಕಾದಲ್ಲಿ ಪತ್ರಿಕೆ ಶುರುವಾದದ್ದೇ ಇಂಗ್ಲಿಷಿನಲ್ಲಿ, ಅಲ್ಲಿಯ ಭಾಷೆಗಳು ಆಮೇಲೆ ಹಿಂದೆ ಬಂದವು ಎಂದು ಓದಿದವರೂ ಹೇಳುತ್ತಾರೆ. ನೈಜೀರಿಯಾದ ಮಟ್ಟಿಗೆ ಇದು ತಪ್ಪು. ಅಲ್ಲಿಯ ಮೊದಲ ಪತ್ರಿಕೆ ಹೊರಟಿದ್ದು ಯೊರುಬಾ ಭಾಷೆಯಲ್ಲಿ. ಇವತ್ತು ಇದೊಂದು ನೆನಪಿಟ್ಟುಕೊಳ್ಳಿ, ಉಳಿದದ್ದು ಮರೆತರೂ ನನಗೆ ಬೇಜಾರಿಲ್ಲ.

ವರ್ಷ 1859. ಊರು ಅಬೆಯೊಕುಟಾ. ಓಲುಮೊ ಎಂಬ ದೊಡ್ಡ ಬಂಡೆಯ ಸುತ್ತ ಬೆಳೆದ ಊರು. ಯೊರುಬಾ ಮಾತಾಡುವ ಎಗ್ಬಾ ಜನರದ್ದು, ಇನ್ನೂ ಬ್ರಿಟಿಷರ ಕೈಗೆ ಹೋಗಿರಲಿಲ್ಲ. ಹೆನ್ರಿ ಟೌನ್‌ಸೆಂಡ್ ಎಂಬ ಇಂಗ್ಲಿಷ್ ಪಾದ್ರಿ ಅಲ್ಲಿ ಮುದ್ರಣಯಂತ್ರ ಇಟ್ಟುಕೊಂಡಿದ್ದರು. ಜನರಿಗೆ ಓದಿ ತಿಳಿಯುವ ರೂಢಿ ಬರಲಿ ಎಂಬುದು ಅವರ ಆಸೆ. ಧರ್ಮಪ್ರಚಾರವೂ ಇತ್ತು, ಬಿಡಿ. ಹದಿನೈದು ದಿನಕ್ಕೊಮ್ಮೆ 'ಇವೆ ಇರೋಹಿನ್' ಎಂಬ ಪತ್ರಿಕೆ ಹೊರಡಿಸಿದರು.

ಬೆಲೆ ಎಷ್ಟು ಗೊತ್ತಾ? 120 ಕವಡೆ. ನಾವು ಚೌಕಾಬಾರ ಆಡ್ತೀವಲ್ಲ, ಅದೇ ಕವಡೆ. ಅಲ್ಲಿ ಅದು ದುಡ್ಡು. 40 ಕವಡೆ ಪೋಣಿಸಿದರೆ ಒಂದು ಸರ. ಮೂರು ಸರ ಕೊಟ್ಟರೆ ಪತ್ರಿಕೆ ಕೈಗೆ. ಪಶ್ಚಿಮ ಆಫ್ರಿಕಾದ ಸಂತೆಗಳಲ್ಲಿ ಓಡಾಡಿದ ಎಷ್ಟೋ ಕವಡೆ ಮಾಲ್ಡೀವ್ಸ್‌ನಿಂದ ಹಡಗು ಹತ್ತಿ ಹೋದದ್ದು. ನಮ್ಮ ಪಕ್ಕದ ಕಡಲಿನ ಚಿಪ್ಪು ಅಲ್ಲಿ ಸುದ್ದಿ ಕೊಳ್ಳುತ್ತಿತ್ತು! ತರಗತಿಯಲ್ಲಿ ಇದನ್ನು ಹೇಳಿದಾಗ ಮಾತ್ರ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ಮೊದಮೊದಲು ಚರ್ಚಿನ ಸುದ್ದಿ, ಯಾರು ಬಂದರು, ಯಾರು ಹೋದರು. ಆಮೇಲೆ ಊರಿನ ಸಂಗತಿ, ಹತ್ತಿಯ ವ್ಯಾಪಾರ. 1860ರಿಂದ ಇಂಗ್ಲಿಷೂ ಸೇರಿತು. ಗಮನಿಸಿ, ಯೊರುಬಾ ಮೊದಲು, ಇಂಗ್ಲಿಷ್ ಆಮೇಲೆ. ನಮ್ಮಲ್ಲೂ 1843ರ 'ಮಂಗಳೂರ ಸಮಾಚಾರ' ಬಾಸೆಲ್ ಮಿಷನ್‌ನ ಮೋಗ್ಲಿಂಗ್ ಅವರದ್ದು, ಆದರೆ ಭಾಷೆ ಕನ್ನಡ. ಓದುವವರ ಭಾಷೆಯಲ್ಲಿ ಬರೆಯದಿದ್ದರೆ ಕವಡೆ ಬಿಚ್ಚುವವರು ಯಾರು?

1861ರಲ್ಲಿ ಬ್ರಿಟಿಷರು ಕರಾವಳಿಯ ಲಾಗೋಸ್ ಪಟ್ಟಣವನ್ನು ವಶಪಡಿಸಿಕೊಂಡರು. ಎಗ್ಬಾ ಜನರಿಗೂ ಅವರಿಗೂ ಜಗಳ ಜಾಸ್ತಿಯಾಯಿತು. 1867ರ ಅಕ್ಟೋಬರಿನಲ್ಲಿ ಅಬೆಯೊಕುಟಾದ ಜನ ಮಿಷನ್ ಕಟ್ಟಡಗಳಿಗೆ ನುಗ್ಗಿದರು. ಮುದ್ರಣಯಂತ್ರವೂ ಹಾಳಾಯಿತು, ಪತ್ರಿಕೆಯೂ ನಿಂತಿತು. ಸಿಟ್ಟು ಬ್ರಿಟಿಷರ ಮೇಲೆ, ಪೆಟ್ಟು ಯೊರುಬಾ ಪತ್ರಿಕೆಗೆ.

ಕವಡೆಯಲ್ಲೇ ಹೊತ್ತು ಹೋಯಿತು, ಉಳಿದದ್ದು ಓಡಿಸಿಬಿಡುತ್ತೇನೆ. 1863ರಲ್ಲಿ ಲಾಗೋಸ್‌ನಲ್ಲಿ ಜಮೈಕಾ ಮೂಲದ ರಾಬರ್ಟ್ ಕ್ಯಾಂಪ್‌ಬೆಲ್ ಇಂಗ್ಲಿಷಿನಲ್ಲಿ 'ಆಂಗ್ಲೋ ಆಫ್ರಿಕನ್' ತಂದರು. ಬರಬರುತ್ತ ಪತ್ರಿಕೆಗಳು ಸರ್ಕಾರವನ್ನೇ ಬೈಯತೊಡಗಿದವು. 1903ರಲ್ಲಿ ಕಾನೂನು ಬಂತು: ಪತ್ರಿಕೆ ನಡೆಸಬೇಕಾದರೆ 250 ಪೌಂಡಿಗೆ ಮುಚ್ಚಳಿಕೆ ಬರೆದುಕೊಡಬೇಕು. ಸುಮ್ನೆ ಬಾಯಿ ಮುಚ್ಚಿಸುವ ಉಪಾಯ, ಅಲ್ವಾ? ಬಾಯಿ ಮುಚ್ಚಲಿಲ್ಲ. 1937ರಲ್ಲಿ 'ವೆಸ್ಟ್ ಆಫ್ರಿಕನ್ ಪೈಲಟ್' ಶುರುಮಾಡಿದ ಅಜಿಕಿವೆ, 1963ರಲ್ಲಿ ಸ್ವತಂತ್ರ ನೈಜೀರಿಯಾದ ಮೊದಲ ಅಧ್ಯಕ್ಷರಾದರು. ಅವರದ್ದು ಇಂಗ್ಲಿಷ್ ಪತ್ರಿಕೆ, ಒಪ್ಪುತ್ತೇನೆ. ಮೊದಲನೆಯದು ಮಾತ್ರ ಯೊರುಬಾ.

ನಮಸ್ಕಾರ.