ಹಾಸಿಗೆಯಿಂದ ಇಳಿಯುವ ಮುನ್ನ

ಪರದೆಯ ಮೇಲೆ ಈಗ ಕಾಣುತ್ತಿರುವುದು ಬೆಳಗಿನ 6 ಗಂಟೆಯ ನನ್ನ ಕೋಣೆ. ಹಾಸಿಗೆಯ ಅಂಚಿನಲ್ಲಿ ಕುಳಿತು, ಬಲಗಾಲನ್ನು ಎಡತೊಡೆಯ ಮೇಲಿಟ್ಟುಕೊಂಡು, ಕಾಲ್ಬೆರಳುಗಳನ್ನು ಕೈಯಲ್ಲಿ ಹಿಡಿದು ಮೊಣಕಾಲಿನ ಕಡೆಗೆ ಬಾಗಿಸುತ್ತಿದ್ದೇನೆ. ಹತ್ತು ಎಣಿಸಿ ಬಿಡುತ್ತೇನೆ, ಮತ್ತೆ ಬಾಗಿಸುತ್ತೇನೆ. ಹೀಗೆ ಹತ್ತು ಸಲ ಆಗುವವರೆಗೂ ನೆಲಕ್ಕೆ ಕಾಲಿಡುವುದಿಲ್ಲ. ಎರಡು ನಿಮಿಷವೂ ಹಿಡಿಯದ ಈ ಕೆಲಸವನ್ನು ಯಾರಾದರೂ ಆರಂಭದಲ್ಲೇ ನನಗೆ ಹೇಳಿಕೊಟ್ಟಿದ್ದರೆ, ಹನ್ನೊಂದು ತಿಂಗಳು ಅನುಭವಿಸಿದ ಹಿಮ್ಮಡಿ ನೋವಿನಲ್ಲಿ ಎಷ್ಟೋ ಪಾಲು ಕಡಿಮೆಯಾಗುತ್ತಿತ್ತು ಎಂದು ನಾನು ನಂಬಿದ್ದೇನೆ. ಅದೇ ನಂಬಿಕೆಯಿಂದ ಈ ವ್ಲಾಗ್ ಮಾಡುತ್ತಿದ್ದೇನೆ.

ನಾನು ಪಾಠ ಹೇಳುವವಳು. ದಿನಕ್ಕೆ ಐದು ಗಂಟೆ ನಿಂತೇ ಇರಬೇಕಾದ ಕೆಲಸ ನನ್ನದು. ಒಂದು ದಿನ ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಬಲ ಹಿಮ್ಮಡಿಗೆ ಮೊಳೆ ಹೊಡೆದಂತಾಯಿತು. ಗೋಡೆ ಹಿಡಿದು ನಾಲ್ಕು ಹೆಜ್ಜೆ ನಡೆದ ಮೇಲೆ ನೋವು ಇಳಿಯಿತು, ಹಾಗಾಗಿ ಅದನ್ನು ಮರೆತೆ. ಮರುದಿನ ಮತ್ತೆ ಬಂತು. ಕ್ರಮೇಣ, ಅರ್ಧ ಗಂಟೆ ಕುಳಿತು ಎದ್ದರೂ ಅದೇ ಚಳುಕು ಕಾಣಿಸಿಕೊಳ್ಳತೊಡಗಿತು. ಸಂಜೆಯ ಹೊತ್ತಿಗೆ ಇಡೀ ಅಂಗಾಲು ಮಂದವಾಗಿ ನೋಯುತ್ತಿತ್ತು. ವಿಶ್ರಾಂತಿ ಪಡೆದಾಗ ನೋವು ಕಡಿಮೆಯಾಗಬೇಕಲ್ಲವೇ, ರಾತ್ರಿಯಿಡೀ ಮಲಗಿದ್ದ ಕಾಲು ಬೆಳಗಿನ ಮೊದಲ ಹೆಜ್ಜೆಯಲ್ಲೇ ಏಕೆ ಇಷ್ಟು ನೋಯಬೇಕು ಎಂಬುದು ನನಗೆ ಅರ್ಥವಾಗುತ್ತಿರಲಿಲ್ಲ.

ಉತ್ತರ ಪಾದದ ರಚನೆಯಲ್ಲಿದೆ. ಒಂದೊಂದು ಪಾದದಲ್ಲೂ 26 ಮೂಳೆಗಳಿವೆ. ಅವು ಸೇರಿ ಆಗಿರುವ ಕಮಾನನ್ನು ಕೆಳಗಿನಿಂದ ಹಿಡಿದಿಟ್ಟಿರುವ ದಪ್ಪನೆಯ ನಾರುಪಟ್ಟಿಯೊಂದು ಹಿಮ್ಮಡಿ ಮೂಳೆಯಿಂದ ಹೊರಟು ಬೆರಳುಗಳ ಬುಡದವರೆಗೆ ಚಾಚಿಕೊಂಡಿದೆ. ಹೆಜ್ಜೆಯ ಕೊನೆಯಲ್ಲಿ ಹೆಬ್ಬೆರಳು ಮೇಲಕ್ಕೆ ಬಾಗಿದಾಗ, ರಾಟೆಗೆ ಹಗ್ಗ ಸುತ್ತಿಕೊಂಡಂತೆ ಈ ಪಟ್ಟಿ ಬಿಗಿದು ಕಮಾನನ್ನು ಎತ್ತಿ ಹಿಡಿಯುತ್ತದೆ. ಈ ಕ್ರಿಯೆಯನ್ನು ಜೆ. ಎಚ್. ಹಿಕ್ಸ್ ಎಂಬ ವೈದ್ಯರು 1954ರಲ್ಲಿ ವಿವರಿಸಿದರು. ನಿದ್ರೆಯಲ್ಲಿ ಪಾದ ಕೆಳಮುಖವಾಗಿ ಇಳಿಬಿದ್ದಿರುವುದರಿಂದ ಪಟ್ಟಿ ಗಂಟೆಗಟ್ಟಲೆ ಸಡಿಲವಾಗಿ, ಮೊಟಕಾಗಿ ಇರುತ್ತದೆ. ಎದ್ದು ನಿಂತ ಕ್ಷಣದಲ್ಲಿ ದೇಹದ ಭಾರವೆಲ್ಲ ಬಿದ್ದು ಅದು ಒಮ್ಮೆಲೇ ಜಗ್ಗಿದಾಗ, ಹಿಮ್ಮಡಿಯ ಒಳಬದಿಯಲ್ಲಿ ಪಟ್ಟಿ ಅಂಟಿಕೊಂಡಿರುವ ಜಾಗ ಚೀರುತ್ತದೆ. ವೈದ್ಯರು ಇದನ್ನು ಪ್ಲಾಂಟಾರ್ ಫ್ಯಾಸೈಟಿಸ್ ಎನ್ನುತ್ತಾರೆ. ಹೆಸರಿನ ಅರ್ಥ ಉರಿಯೂತ ಎಂದಾದರೂ, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ 50 ಮಾದರಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ 2003ರಲ್ಲಿ ಪ್ರಕಟಿಸಿದ ವರದಿಯೊಂದು, ಅಲ್ಲಿ ಕಂಡದ್ದು ಉರಿಯೂತಕ್ಕಿಂತ ನಾರುಗಳ ಸವೆತ ಎಂದು ತಿಳಿಸಿತು. ಈ ಒಂದು ಮಾತು ನನ್ನ ಯೋಚನೆಯನ್ನೇ ಬದಲಿಸಿತು. ಸವೆದ ನಾರು ಮಾತ್ರೆ ನುಂಗಿದ ಮಾತ್ರಕ್ಕೆ ಗಟ್ಟಿಯಾಗುವುದಿಲ್ಲ. ಅದಕ್ಕೆ ಕಾಲಾವಕಾಶ ಬೇಕು, ಹದವಾದ ಕೆಲಸವೂ ಬೇಕು.

ಆದರೆ ಇದು ತಿಳಿಯುವ ಮೊದಲು ನಾನು ಮಾಡಿಕೊಂಡ ತಪ್ಪನ್ನು ಹೇಳಲೇಬೇಕು. ಮೊದಲು ಕಂಡ ವೈದ್ಯರು ಎಕ್ಸ್-ರೇ ತೆಗೆಸಿ, ಹಿಮ್ಮಡಿಯಲ್ಲಿ ಮೂಳೆ ಮುಳ್ಳಿನಂತೆ ಬೆಳೆದಿದೆ ಎಂದು ತೋರಿಸಿದರು. ಆ ಬಿಳಿಯ ಮೊನೆ ಪ್ರತಿ ಹೆಜ್ಜೆಗೂ ಮಾಂಸವನ್ನು ಚುಚ್ಚುತ್ತಿದೆ ಎಂದು ಹೆದರಿ, ನಾನು ಹಿಮ್ಮಡಿ ಊರುವುದನ್ನೇ ಬಿಟ್ಟು ತಿಂಗಳುಗಟ್ಟಲೆ ತುದಿಗಾಲಿನಲ್ಲಿ ನಡೆದೆ. ಅದರಿಂದ ಮೀನಖಂಡ ಬಿಗಿಯಿತು, ಬಿಗಿದ ಮೀನಖಂಡ ಹಿಮ್ಮಡಿಯನ್ನು ಇನ್ನಷ್ಟು ಎಳೆಯಿತು, ನೋವು ಇಮ್ಮಡಿಯಾಯಿತು. ನೋವೇ ಇಲ್ಲದ ಅನೇಕರ ಎಕ್ಸ್-ರೇಯಲ್ಲೂ ಇಂಥ ಮೂಳೆಮುಳ್ಳು ಕಾಣುತ್ತದೆ, ಸಾಮಾನ್ಯವಾಗಿ ನೋವಿನ ಮೂಲ ಅದಲ್ಲ ಎಂಬುದನ್ನು ಆಮೇಲೆ ಒಬ್ಬ ಫಿಸಿಯೋಥೆರಪಿಸ್ಟ್ ಸಮಾಧಾನವಾಗಿ ವಿವರಿಸಿದರು. ಅವರು ಹಿಮ್ಮಡಿಯ ಒಳಬದಿಯ ಒಂದೇ ಬಿಂದುವನ್ನು ಹೆಬ್ಬೆರಳಿನಿಂದ ಒತ್ತಿದಾಗ ನಾನು ಕಾಲನ್ನು ಹಿಂದಕ್ಕೆ ಎಳೆದುಕೊಂಡೆ. ಚಿತ್ರಕ್ಕಿಂತ ಆ ಒತ್ತುವಿಕೆಯೇ ಹೆಚ್ಚು ತಿಳಿಸಿತು.

ನೀವು ಆರಂಭದಲ್ಲಿ ನೋಡಿದ ವ್ಯಾಯಾಮವನ್ನು ಕಲಿಸಿದವರು ಅವರೇ. ಹತ್ತು ತಿಂಗಳಿಗಿಂತ ಹೆಚ್ಚು ಕಾಲ ನರಳಿದ್ದ 101 ಮಂದಿಯನ್ನು ಸೇರಿಸಿಕೊಂಡು ಮಾಡಿದ, 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಪಟ್ಟಿಯನ್ನೇ ಹಿಗ್ಗಿಸುವ ವ್ಯಾಯಾಮ ಮಾಡಿದವರಿಗೆ ಎಂಟು ವಾರಗಳ ಬಳಿಕ, ಮೀನಖಂಡದ ಸ್ನಾಯುರಜ್ಜುವನ್ನಷ್ಟೇ ಹಿಗ್ಗಿಸಿದವರಿಗಿಂತ ಮೊದಲ ಹೆಜ್ಜೆಯ ನೋವು ಹೆಚ್ಚು ಇಳಿದಿತ್ತು. ದಿನಕ್ಕೆ ಮೂರು ಬಾರಿ ಮಾಡಬೇಕು. ಅದರಲ್ಲೂ ಹಾಸಿಗೆಯಿಂದ ಇಳಿಯುವ ಮುನ್ನ ಮಾಡುವುದನ್ನು ಬಿಡಲೇಬಾರದು. ಸರಿಯಾಗಿ ಮಾಡುತ್ತಿದ್ದೇವೆಯೇ ಎಂದು ತಿಳಿಯಲು ಇನ್ನೊಂದು ಕೈಯಿಂದ ಅಂಗಾಲನ್ನು ಮುಟ್ಟಿ ನೋಡಿ. ಪಟ್ಟಿ ತಂತಿಯಂತೆ ಬಿಗಿದಿರುವುದು ಬೆರಳಿಗೆ ಸಿಗುತ್ತದೆ.

ಈಗ ಕಾಣುತ್ತಿರುವ ಮೆಟ್ಟಿಲಿನ ದೃಶ್ಯ ಎರಡನೆಯ ಹಂತದ್ದು. ಸುತ್ತಿದ ಟವೆಲ್ ಒಂದನ್ನು ಬೆರಳುಗಳ ಕೆಳಗಿಟ್ಟು, ಮೆಟ್ಟಿಲಿನ ಅಂಚಿನಲ್ಲಿ ಒಂಟಿ ಕಾಲಿನ ಮೇಲೆ ನಿಂತು, ಮೂರು ಸೆಕೆಂಡಿನಲ್ಲಿ ಹಿಮ್ಮಡಿಯನ್ನು ಎತ್ತಿ, ಎರಡು ಸೆಕೆಂಡು ತಡೆದು, ಮೂರು ಸೆಕೆಂಡಿನಲ್ಲಿ ಇಳಿಸುತ್ತೇನೆ. ದಿನ ಬಿಟ್ಟು ದಿನ, 12 ಸಲದಂತೆ ಮೂರು ಸುತ್ತು. ಕೆಲವು ವಾರಗಳ ನಂತರ ಬೆನ್ನಚೀಲಕ್ಕೆ ಪುಸ್ತಕ ತುಂಬಿಕೊಂಡು ಭಾರ ಹೆಚ್ಚಿಸಿದೆ. ಡೆನ್ಮಾರ್ಕಿನಲ್ಲಿ 48 ಮಂದಿಯ ಮೇಲೆ ನಡೆದ ಅಧ್ಯಯನದಲ್ಲಿ ಈ ಕ್ರಮ ಅನುಸರಿಸಿದವರು ಮೂರು ತಿಂಗಳಿಗೆ ಬರಿಯ ಹಿಗ್ಗಿಸುವಿಕೆ ಮಾಡಿದವರಿಗಿಂತ ಚೆನ್ನಾಗಿದ್ದರು. ವರ್ಷ ಕಳೆಯುವ ಹೊತ್ತಿಗೆ ಎರಡೂ ಗುಂಪುಗಳು ಸರಿಸಮವಾಗಿದ್ದವು. ಆದ್ದರಿಂದ ನಿತ್ಯ ನಿಂತೇ ದುಡಿಯುವವರಿಗೆ, ಬೇಗ ಚೇತರಿಸಿಕೊಳ್ಳುವುದು ಮುಖ್ಯವಾದವರಿಗೆ, ನಾನು ಇದನ್ನು ಒತ್ತಿ ಹೇಳುತ್ತೇನೆ. ಮಾಡುವಾಗ ಸ್ವಲ್ಪ ನೋವಾಗುತ್ತದೆ. ಆ ನೋವು ಮರುದಿನ ಬೆಳಿಗ್ಗೆ ಹೆಚ್ಚಿದ್ದರೆ ಭಾರ ಹೆಚ್ಚಾಗಿದೆ ಎಂದು ತಿಳಿದು ಇಳಿಸುತ್ತಿದ್ದೆ.

ಮಂಜುಗಡ್ಡೆಯಾದ ನೀರಿನ ಬಾಟಲಿಯ ಮೇಲೆ ಅಂಗಾಲನ್ನು ಉರುಳಿಸಿದರೆ ಆ ಹೊತ್ತಿಗೆ ಹಾಯೆನಿಸುತ್ತದೆ. ಮೆತ್ತನೆಯ ಇನ್‌ಸೋಲ್‌ ಕೂಡ ಸಹಾಯ ಮಾಡಿತು. ಸ್ಟೀರಾಯ್ಡ್ ಚುಚ್ಚುಮದ್ದು ಕೆಲವು ವಾರ ಆರಾಮ ಕೊಡುತ್ತದೆ, ಆದರೆ ಪಟ್ಟಿ ಹರಿಯುವ ಮತ್ತು ಹಿಮ್ಮಡಿಯ ಕೊಬ್ಬಿನ ಮೆತ್ತೆ ಕರಗುವ ಅಪಾಯವೂ ಇರುವುದರಿಂದ, ವೈದ್ಯರೊಡನೆ ಚರ್ಚಿಸಿದ ಮೇಲೆ ನಾನು ಬೇಡವೆಂದೆ. ಪಾದರಕ್ಷೆಯನ್ನು ಸಂಜೆಯ ಹೊತ್ತು ಕೊಳ್ಳುವುದು ಒಳ್ಳೆಯದು, ಏಕೆಂದರೆ ದಿನ ಕಳೆದಂತೆ ಪಾದ ತುಸು ಊದಿಕೊಳ್ಳುತ್ತದೆ.

ನನ್ನ ಮಾತು ಕೇಳಿ, ಕಾಲು ನೋಯುವ ಎಲ್ಲರೂ ಇದೇ ವ್ಯಾಯಾಮ ಶುರು ಮಾಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ನಡುರಾತ್ರಿ ಹೆಬ್ಬೆರಳಿನ ಬುಡ ಕೆಂಪಾಗಿ, ಕಾದು, ಹೊದಿಕೆ ತಾಗಿದರೂ ಸಹಿಸಲಾಗದಂತಾದರೆ ಅದು ಯೂರಿಕ್ ಆಮ್ಲದ ಹರಳುಗಳಿಂದ ಬರುವ ಗೌಟ್ ಇರಬಹುದು. ಅದಕ್ಕೆ ಬೇಕಾದದ್ದು ಔಷಧಿ. ಮೂರು ಮತ್ತು ನಾಲ್ಕನೆಯ ಬೆರಳುಗಳ ನಡುವೆ ಶೂ ಒಳಗೆ ಕಲ್ಲು ಸಿಕ್ಕಿಕೊಂಡಂತೆ ಅನಿಸಿದರೆ ನರವೊಂದು ಅಮುಕಿರಬಹುದು, ಆಗ ಮುಂಭಾಗ ಅಗಲವಾದ ಪಾದರಕ್ಷೆಯೇ ಮೊದಲ ಚಿಕಿತ್ಸೆ. ಮೂಳೆಯ ಒಂದೇ ಜಾಗ ನೋಯುತ್ತ, ನಡೆದಷ್ಟೂ ಹೆಚ್ಚುತ್ತ ಹೋದರೆ ಕೂದಲೆಳೆಯಂಥ ಬಿರುಕು ಬಿಟ್ಟಿರುವ ಸಾಧ್ಯತೆಯಿದೆ. ಅದಕ್ಕೆ ಭಾರ ಹಾಕುವುದು ಹಾನಿಕರ. ಕಾಲು ಊರಲಾಗದಿದ್ದರೆ, ಜ್ವರವಿದ್ದರೆ, ಪಾದ ಮರಗಟ್ಟಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ.

ಮರಗಟ್ಟುವ ವಿಷಯ ಹೇಳುವಾಗ ಅಮ್ಮನ ಕಾಲು ನನ್ನ ಕಣ್ಣ ಮುಂದೆ ಬರುತ್ತದೆ. ಅವರಿಗೆ ಸಕ್ಕರೆ ಕಾಯಿಲೆ ಇದೆ. ನಾನು ನೋವೆಂದು ಮುಖ ಕಿವುಚುತ್ತಿದ್ದ ದಿನಗಳಲ್ಲೇ ಅವರ ಅಂಗಾಲಿನಲ್ಲಿ ಗಾಯವಾಗಿತ್ತು, ಆದರೆ ಅವರಿಗೆ ಗೊತ್ತೇ ಆಗಿರಲಿಲ್ಲ. ನೆಲದ ಮೇಲೆ ಬಿದ್ದ ಕಲೆ ನೋಡಿ ನಾವು ಹುಡುಕಿದೆವು. ವೈದ್ಯರು 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ಅವರ ಪಾದವನ್ನು ಅಲ್ಲಲ್ಲಿ ಮುಟ್ಟಿ, ಕಣ್ಣು ಮುಚ್ಚಿಕೊಂಡು ಹೇಳಿ ಎಂದಾಗ, ಅಮ್ಮ ಹಲವು ಕಡೆ ಸುಮ್ಮನೇ ಕುಳಿತಿದ್ದರು. ಆ ಮೌನ ನನ್ನ ನೋವಿಗಿಂತ ಭಯಂಕರವಾಗಿತ್ತು. ಗಾಯ ವಾಸಿಯಾಗಲು ನಾಲ್ಕು ತಿಂಗಳು ಹಿಡಿಯಿತು. ಅಂದಿನಿಂದ ಮನೆಯೊಳಗೂ ಅವರು ಬರಿಗಾಲಿನಲ್ಲಿ ನಡೆಯುವುದಿಲ್ಲ, ಪಾದರಕ್ಷೆ ಧರಿಸುವ ಮುನ್ನ ಒಳಗೆ ಕೈಯಾಡಿಸಿ ನೋಡುತ್ತಾರೆ, ಕಾಲನ್ನು ಬಿಸಿನೀರಿನಲ್ಲಿ ಇಡುವುದಿಲ್ಲ.

ಕೊನೆಯ ದೃಶ್ಯ ಇಂದು ಬೆಳಗಿನದೇ. ನನ್ನ ವ್ಯಾಯಾಮ ಮುಗಿದ ಮೇಲೆ ಅಮ್ಮನ ಪಾದಗಳನ್ನು ಬೆಳಕಿಗೆ ಹಿಡಿದು ಬೆರಳುಸಂದಿಗಳನ್ನು ನೋಡುವುದು ನಮ್ಮ ದಿನಚರಿ. ಇಂದು ಎಡಗಾಲಿನ ಕಿರುಬೆರಳ ಪಕ್ಕ ಒಂದು ಕೆಂಪು ಗುರುತು ಸಿಕ್ಕಿತು, ಸರಿಯಾಗಿ ಹೊಸ ಚಪ್ಪಲಿಯ ಪಟ್ಟಿ ತಾಗುವ ಜಾಗದಲ್ಲಿ. ನೋಯುತ್ತಿದೆಯೇ ಅಮ್ಮ ಎಂದು ಕೇಳಿದೆ, ಇಲ್ಲವೆಂದರು. ಚರ್ಮ ಒಡೆದಿರಲಿಲ್ಲ. ಆ ಚಪ್ಪಲಿಗಳನ್ನು ಎತ್ತಿಟ್ಟು ಹಳೆಯದನ್ನು ಅವರ ಕಾಲಿಗೆ ಹಾಕಿದ್ದೇನೆ. ಸಂಜೆ ಗುರುತು ಮಾಸಿದೆಯೇ ಎಂದು ಮತ್ತೊಮ್ಮೆ ನೋಡಬೇಕು.