ಬರೆದದ್ದನ್ನು ಓದಿ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಪೀಣ್ಯ, ಬೊಮ್ಮಸಂದ್ರದ ಅಸೆಂಬ್ಲಿ ಲೈನುಗಳಲ್ಲಿ ದುಡಿಯುವವರು, ಐಟಿಐ, ಡಿಪ್ಲೊಮಾ ಓದುವ ಮಕ್ಕಳು ಈಗ ರೇಡಿಯೊ ಹತ್ತಿರ ಇದ್ದೀರಿ ಅಂದುಕೊಂಡೇ ಮಾತಾಡುತ್ತೇನೆ.

ಕಾರಿನ ಗಾಜಿಗೆ ಅಂಟಿಸುವ ಫಾಸ್ಟ್‌ಟ್ಯಾಗ್ ಎಲ್ಲರಿಗೂ ಗೊತ್ತು. ಕಾರ್ಖಾನೆಯಲ್ಲಿ ಸಾಮಾನು ಹೊತ್ತು ಲೈನಿನ ಮೇಲೆ ಸಾಗುವ ಪ್ಯಾಲೆಟ್ ಮೇಲೂ ಅಂಥದ್ದೇ, ರೇಡಿಯೊ ಅಲೆಯಲ್ಲಿ ಓದುವ ಒಂದು ಆರ್‌ಎಫ್‌ಐಡಿ ಟ್ಯಾಗ್ ಇರುತ್ತದೆ. ಟೋಲ್‌ನಲ್ಲಿ ಟ್ಯಾಗನ್ನು ಓದಿದರೆ ಸಾಕು. ಕಾರ್ಖಾನೆಯಲ್ಲಿ ಅದರ ಮೇಲೆ ಬರೆಯುತ್ತಲೂ ಇರುತ್ತಾರೆ. ಯಾವ ಮಾಡೆಲ್, ಬೋಲ್ಟ್ ಎಷ್ಟು ಬಿಗಿಸಬೇಕು, ಯಾವ ಕೆಲಸ ಮುಗಿದಿದೆ ಅಂತೆಲ್ಲ. ನಾನು ಹೇಳಬೇಕಾದದ್ದು ಒಂದೇ ಮಾತು. ಬರೆದ ಮೇಲೆ ಓದಿ ನೋಡಿ.

ಒಂದು ಗೇರ್‌ಬಾಕ್ಸ್ ಕಾರ್ಖಾನೆಯಿಂದ ನನಗೆ ಕರೆ ಬಂತು. ರಾತ್ರಿ ಪಾಳಿಯಲ್ಲಿ ಮಾತ್ರ ಬೋಲ್ಟ್ ಮುರಿಯುತ್ತಿದ್ದವು. ಮೊದಲು ಬೋಲ್ಟ್ ಸರಿಯಿಲ್ಲ ಅಂದರು, ಆಮೇಲೆ ಬಿಗಿಸುವ ಗನ್ ಸರಿಯಿಲ್ಲ ಅಂದರು. ಕೊನೆಗೆ ತಪ್ಪನ್ನೆಲ್ಲ ಪಾಳಿಯ ಹುಡುಗನ ತಲೆಗೆ ಕಟ್ಟಿದರು. ಪಾಪ, ಅವನಿಗೆ ಮೆಮೊ ಕೂಡ ಕೊಟ್ಟಿದ್ದರು. ನಾನು ಒಂದು ರಾತ್ರಿ ಪೂರ್ತಿ ಲೈನಿನ ಪಕ್ಕ ಕೂತು, ಕೈ ರೀಡರ್ ಹಿಡಿದು ಒಂದೊಂದೇ ಟ್ಯಾಗ್ ಓದಿದೆ.

ಆ ಟ್ಯಾಗಿನಲ್ಲಿ 28 ಮನೆಗಳು, ಚೌಕಾಬಾರದ ಮನೆಗಳ ಹಾಗೆ. ಒಂದೊಂದರಲ್ಲಿ 4 ಬೈಟ್, ಒಟ್ಟು 112 ಬೈಟ್. ಬರೆಯುವುದು ಒಂದಾದ ಮೇಲೊಂದು ಮನೆಗೆ. ಬೆಳಗಿನ ಜಾವ ಒಂದು ಟ್ಯಾಗ್ ಸಿಕ್ಕಿತು ನೋಡಿ! ಮೊದಲ ಮನೆಗಳಲ್ಲಿ ಈಗಿನ ಚಿಕ್ಕ ಗೇರ್‌ಬಾಕ್ಸ್‌ನ ಮಾಡೆಲ್ ನಂಬರ್. ಕೊನೆಯ ಕಡೆಯ ಮನೆಗಳಲ್ಲಿ ಅದೇ ಪ್ಯಾಲೆಟ್ ಮೇಲೆ ಹಿಂದೆ ಬಂದಿದ್ದ ದೊಡ್ಡ ಗೇರ್‌ಬಾಕ್ಸ್‌ನ ಬಿಗಿತ. ಗನ್ ತನಗೆ ಹೇಳಿದಷ್ಟು ಬಿಗಿಸಿತು. ಬೋಲ್ಟ್ ಮುರಿಯದೆ ಇನ್ನೇನಾಗುತ್ತದೆ?

ರಾತ್ರಿ ಕಂಪ್ರೆಸರ್ ಗಾಳಿ ಕಡಿಮೆಯಾದಾಗ ಪ್ಯಾಲೆಟ್ ತಡೆದು ನಿಲ್ಲಿಸುವ ಸ್ಟಾಪರ್ ಗಟ್ಟಿಯಾಗಿ ನಿಲ್ಲುತ್ತಿರಲಿಲ್ಲ. ಪ್ಯಾಲೆಟ್ ನಾಲ್ಕು ಬೆರಳು ಮುಂದಕ್ಕೆ ಜಾರುತ್ತಿತ್ತು. ಟ್ಯಾಗ್ ರೀಡರಿಗೆ ಎಟುಕದೆ ಬರಹ ಅರ್ಧಕ್ಕೇ ನಿಂತಿರುತ್ತಿತ್ತು. ರೀಡರ್ ಏನೋ ಎರರ್ ಬಿಟ್ ಎತ್ತಿ 'ಆಗಲಿಲ್ಲ' ಅಂದಿತ್ತು. ಪಿಎಲ್‌ಸಿ ಅಂದರೆ ಲೈನನ್ನು ನಡೆಸುವ ಕಂಪ್ಯೂಟರಿನ ಪ್ರೋಗ್ರಾಂ ಅದನ್ನು ನೋಡುತ್ತಲೇ ಇರಲಿಲ್ಲ. 'ಕೆಲಸ ನಡೀತಿದೆ' ಅನ್ನುವ ಬಿಜಿ ಬಿಟ್ ಇಳಿಯಿತು, ಸರಿ, ಕೆಲಸ ಮುಗಿಯಿತು ಅಂತ ಪ್ಯಾಲೆಟ್ ಬಿಡುತ್ತಿತ್ತು.

ಅಲ್ಲಿನ ಎಂಜಿನಿಯರ್ ನನಗೆ ಹೇಳಿದ್ದು, 'ಸರ್, ಇದು ಐಎಸ್‌ಒ 15693 ಟ್ಯಾಗ್, ಇದರಲ್ಲಿ ಸಿಆರ್‌ಸಿ ಇದ್ದೇ ಇದೆ'. 15693 ಅಂದರೆ ಇಂಥ ಟ್ಯಾಗುಗಳ ಅಂತಾರಾಷ್ಟ್ರೀಯ ಮಾನದಂಡ, ಸಿಆರ್‌ಸಿ ಅಂದರೆ ಸಂದೇಶ ಕೆಡದೆ ಬಂತಾ ಅಂತ ತಾಳೆ ನೋಡುವ ಸಂಖ್ಯೆ. ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಇದೆ ಸ್ವಾಮಿ, ಆದರೆ ಆ ಸಿಆರ್‌ಸಿ ಕಾಯುವುದು ರೀಡರ್ ಮತ್ತು ಟ್ಯಾಗ್ ನಡುವೆ ಗಾಳಿಯಲ್ಲಿ ಹೋಗುವ ಒಂದೊಂದು ಸಂದೇಶವನ್ನು. 28 ಮನೆಗಳೂ ಒಂದೇ ಗೇರ್‌ಬಾಕ್ಸ್‌ನದ್ದೇ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಅದನ್ನು ನೋಡುವ ಕೆಲಸ ನಮ್ಮದು. ಫೋನಿನಲ್ಲಿ ನಂಬರ್ ಬರೆದುಕೊಂಡ ಮೇಲೆ 'ಒಂದ್ಸಲ ಓದಿ ಹೇಳಿ' ಅಂತೀವಿ, ಅಲ್ವಾ? ಅಷ್ಟೇ. ಬರೆಯಿರಿ, ಓದಿ, ಹೋಲಿಸಿ. ಸರಿ ಇದ್ದರೆ ಮಾತ್ರ ಪ್ಯಾಲೆಟ್ ಬಿಡಿ. ಇಷ್ಟು ಓದಲು ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಟೈಮ್ ಇಲ್ಲ ಅನ್ನಬೇಡಿ.

ಮುಂದಿನ ಸ್ಟೇಷನ್ನಿಗೂ ಗೊತ್ತಾಗಬೇಕಲ್ಲ. ಅದಕ್ಕೆ ಕೊನೆಯ ಮನೆಯಲ್ಲಿ ಒಂದು ತಾಳೆ ಸಂಖ್ಯೆ ಇಡಿ, ಕಿರಾಣಿ ಚೀಟಿಯ ಕೆಳಗೆ ಒಟ್ಟು ಬರೆದ ಹಾಗೆ. ಆ ಕಾರ್ಖಾನೆಯವರು ಮಾಡಿದ್ದು ಸುಮ್ನೆ ಕೂಡುವ ಲೆಕ್ಕ. ಖಾಲಿ ಹೊಸ ಟ್ಯಾಗ್ ಬಂದಾಗ ಅದೂ ಪಾಸ್ ಆಯಿತು! ಸೊನ್ನೆಗಳನ್ನು ಎಷ್ಟು ಕೂಡಿದರೂ ಸೊನ್ನೆಯೇ. ಎರಡು ಬೈಟ್ ಅದಲು ಬದಲಾದರೂ ಮೊತ್ತ ಅಷ್ಟೇ ಇರುತ್ತದೆ. ಅದಕ್ಕೇ ಬೈಟ್‌ಗಳ ಕ್ರಮವನ್ನೂ ಲೆಕ್ಕಕ್ಕೆ ಹಿಡಿಯುವ, ಸೊನ್ನೆಯ ಬದಲು ಎಫ್‌ಎಫ್‌ಎಫ್‌ಎಫ್‌ನಿಂದ, ಅಂದರೆ ಎಲ್ಲ ಬಿಟ್ಟೂ ಒಂದೇ ಇರುವ ಸಂಖ್ಯೆಯಿಂದ, ಶುರುವಾಗುವ 16 ಬಿಟ್ ಸಿಆರ್‌ಸಿ ಹಾಕಿ.

ಸಮಯ ಮುಗಿಯುತ್ತಾ ಬಂತು, ಬೇಗ ಹೇಳಿಬಿಡುತ್ತೇನೆ. ಪ್ರತಿ ಟ್ಯಾಗಿಗೂ ಅದರದೇ ಗುರುತಿನ ಸಂಖ್ಯೆ, ಯುಐಡಿ ಇದೆ. ಬರೆದದ್ದೂ ಓದಿದ್ದೂ ಒಂದೇ ಟ್ಯಾಗಾ ಅಂತ ಅದರಿಂದ ನೋಡಿ. ಪಕ್ಕದ ಪ್ಯಾಲೆಟ್ ಓದಿ ಖುಷಿಪಡಬೇಡಿ. ಈಈಪ್ರಾಮ್ ಅನ್ನುವ ಮೆಮೊರಿ ಇರುವ ಟ್ಯಾಗಿನ ಒಂದು ಮನೆಗೆ ಸಾಮಾನ್ಯವಾಗಿ 1 ಲಕ್ಷ ಸಲದಷ್ಟು ಬರೆಯಬಹುದು. ದಿನಕ್ಕೆ 200 ಸಲ ಬರೆದರೆ 500 ದಿನಕ್ಕೆ ಮುಗಿಯಿತು. ಜಾಸ್ತಿ ಬರೆಯುವ ಕಡೆ, ಇನ್ನೂ ಎಷ್ಟೋ ಪಟ್ಟು ಹೆಚ್ಚು ಸಲ ಬರೆಯಬಹುದಾದ ಎಫ್‌ರಾಮ್ ಟ್ಯಾಗ್ ತರಿಸಿ.

ಆ ಹುಡುಗನ ಮೆಮೊ ವಾಪಸ್ ಆಯಿತು. ಇವತ್ತು ರಾತ್ರಿ ಪಾಳಿಗೆ ಹೊರಟವರು ನಿಮ್ಮ ಲೈನಿನಲ್ಲಿ ಒಂದು ಟ್ಯಾಗ್ ಬರೆದು, ಓದಿ ನೋಡಿ. ನಮಸ್ಕಾರ.